ಶಾವಿಗೆ ಮಣೆ ಮತ್ತು ನಾಲ್ಕು ನಪಾಸು ಹುಡುಗಿಯರು

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ನವಲಗುಂದದ ನಾಲ್ಕು ಹುಡುಗಿಯರು ಕೂಡಿ ಕೆಲಸ ಮಾಡಿದರು ಎಂಬ ಕಾರಣಕ್ಕೆ ತಾವು ನಾಲ್ವರನ್ನೂ ನಪಾಸು ಮಾಡಿದ್ದೀರಿ. ಅದೂ ಯಾವ ವಿಷಯದಲ್ಲಿ? ಕೂಡಿ ಕೆಲಸ ಮಾಡುವುದು ಹೇಗೆ ಎಂದು ಕಲಿಸುವ ವಿಷಯದಲ್ಲಿ. ಬಿಸಿಎ ಐದನೆಯ ಸೆಮಿಸ್ಟರಿಗೆ ತಾವು ಇಟ್ಟಿರುವ ‘ಸಾಫ್ಟ್‌ವೇರ್ ಇಂಜಿನಿಯರಿಂಗ್ ಪರಿಚಯ’ ಎಂಬ ಆ ವಿಷಯದ ಪರಿಚಯ ತಮಗೆ ಎಷ್ಟಿದೆಯೋ ನಾನರಿಯೆ. ನನಗಂತೂ ಈಗ ಚೆನ್ನಾಗಿಯೇ ಆಗಿದೆ. ತಮ್ಮ ಆದೇಶ ಕೈಗೆ ಬಂದ ದಿನದಿಂದ ಮೊಮ್ಮಗಳ ಪುಸ್ತಕ ಹಿಡಿದು ಕೂತು, ಕನ್ನಡಕ ಒರೆಸಿ ಒರೆಸಿ, ಮುಖಪುಟದಿಂದ ಬೆನ್ನುಪುಟದವರೆಗೆ ಓದಿ ಮುಗಿಸಿದ್ದೇನೆ. ಓದಿದ ಮೇಲೆಯೇ ಸಿಟ್ಟು ಹೆಚ್ಚಾಯಿತು.

ನಾನು ಇದೇ ತಾಲೂಕಿನ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಕಲು ಹಿಡಿಯುವುದರಲ್ಲಿ ನನಗೂ ಒಂದಿಷ್ಟು ಹೆಸರಿತ್ತು. ಪರೀಕ್ಷೆಯ ದಿನ ನಾನು ಕೊಠಡಿಗೆ ಕಾಲಿಟ್ಟೆನೆಂದರೆ ಕೆಲವು ಹುಡುಗರು ತಾವಾಗಿಯೇ ಎದ್ದು ಹೊರಗೆ ಹೋಗಿ ಕಿಸೆ ಖಾಲಿ ಮಾಡಿಕೊಂಡು ಬರುತ್ತಿದ್ದರು. ಕಾಲುಚೀಲದೊಳಗಿನ ಚೀಟಿ, ಕಂಪಾಸ್ ಡಬ್ಬಿಯ ತಳದಲ್ಲಿ ಗೀಚಿದ ಪ್ರಮೇಯ, ಬ್ಯಾಂಡೇಜಿನ ಕೆಳಗೆ ಗಾಯದ ಬದಲು ಬೀಜಗಣಿತದ ಸೂತ್ರ, ಎಲ್ಲ ಕಂಡವಳು ನಾನು. ನಕಲು ಮಾಡಿದವರಿಗೆ ಒಂದು ಲಕ್ಷಣವಿರುತ್ತದೆ, ಮಾನ್ಯರೇ. ತಾವೇ ಬರೆದದ್ದನ್ನು ತೋರಿಸಿ ‘ಇದು ಹೇಗೆ ಬಂತು’ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಈ ಹುಡುಗಿಯರಲ್ಲಿ ಆ ಲಕ್ಷಣ ಇದೆಯೇ ಎಂದು ತಮ್ಮ ವಿಚಾರಣಾ ಸಮಿತಿ ನೋಡಲೇ ಇಲ್ಲ. ‘ಯಾರು ಮಾಡಿದ್ದು’ ಎಂದಷ್ಟೇ ಕೇಳಿತು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಗೋ ಓಣಿಗೋ ಉಪಯೋಗವಾಗುವ ಒಂದು ಪ್ರೋಗ್ರಾಮು ತಯಾರಿಸಿ ಒಪ್ಪಿಸಬೇಕು ಎಂದು ತಮ್ಮ ಪಠ್ಯಕ್ರಮ ಹೇಳುತ್ತದೆ. ಒಳ್ಳೆಯ ಮಾತು. ಅದರ ಹಿಂದೆ ‘ಸ್ವತಂತ್ರವಾಗಿ’ ಎಂಬ ಶಬ್ದವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಈ ಹುಡುಗಿಯರ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೊಂದು ಕಂಪ್ಯೂಟರಿನ ಮುಂದೆ ನಾಲ್ಕೈದು ಜನ ಕೂಡುತ್ತಾರೆ. ತಮ್ಮದೇ ಪರಿಶೀಲನಾ ತಂಡ ಬಂದು ಅದನ್ನು ಕಣ್ಣಾರೆ ಕಂಡು, ಎಣ್ಣೆಗಾಯಿ ರೊಟ್ಟಿ ಊಟ ಮಾಡಿ, ‘ಸೌಲಭ್ಯಗಳು ತೃಪ್ತಿಕರ’ ಎಂದು ಬರೆದು ಹೋಗಿದೆ. ಒಂದೇ ಕೀಲಿಮಣೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತವರು ಪಕ್ಕದವಳ ಕೆಲಸ ಕಣ್ಣಿಗೆ ಬೀಳದಂತೆ ಸ್ವತಂತ್ರರಾಗುವುದು ಹೇಗೆ? ತಮ್ಮ ತಂಡ ಅದನ್ನೊಂದು ಟಿಪ್ಪಣಿ ಮಾಡಿ ಹೋಗಿದ್ದರೆ ಉಪಕಾರವಾಗುತ್ತಿತ್ತು.

ನಮ್ಮ ಓಣಿಯಿಂದ ಆ ಕಾಲೇಜಿಗೆ ಹೋಗುವವರು ನಾಲ್ವರು. ಒಬ್ಬಳು ನನ್ನ ಮೊಮ್ಮಗಳು ಸಂಪದಾ. ಎರಡನೆಯವಳು ಶೈಲಾ, ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುವ ಶಂಭುಲಿಂಗಪ್ಪನವರ ಮಗಳು. ಮೂರನೆಯವಳು ಮಹಾನಂದಾ, ಅವಳ ತಾಯಿ ರೇವವ್ವ ರೊಟ್ಟಿ ಕೇಂದ್ರ ನಡೆಸುತ್ತಾಳೆ. ನಾಲ್ಕನೆಯವಳು ರುಬಿಯಾ. ಅವಳ ಅಜ್ಜಿ ಗೌಸಬಿ ಈ ವಯಸ್ಸಿನಲ್ಲೂ ಮಗ್ಗದ ಮುಂದೆ ಕೂತು ಜಮಖಾನೆ ನೇಯುತ್ತಾಳೆ. ನಾಲ್ವರ ನಡುವೆ ಮನೆಯಲ್ಲಿ ಕೂತು ಕೆಲಸ ಮಾಡಲು ಇದ್ದದ್ದು ನನ್ನ ಮಗ ಮಿಲಿಂದ ಹೊಸದು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪು ಒಂದೇ.

ಒಂದು ದಿನ ಸಂಪದಾ ನಾನು ಶೇಂಗಾ ಸುಲಿಯುತ್ತಿದ್ದಲ್ಲಿಗೆ ಬಂದು ಕೂತಳು. “ಅಜ್ಜಿ, ಲ್ಯಾಪ್‌ಟಾಪ್ ಒಂದ ಅದ. ಮಂದಿ ನಾಕ ಇದ್ದೇವಿ. ಹ್ಯಾಂಗ ಮಾಡೂದು?”

“ಓಣ್ಯಾಗ ಶಾವಗಿ ಮಣಿ ಎಷ್ಟ ಅವ?” ಎಂದೆ.

“ಒಂದ.”

“ಶಾವಗಿ ಯಾರ ಮನ್ಯಾಗ ಆಗ್ತಾವ?”

“ಎಲ್ಲಾರ ಮನ್ಯಾಗೂ ಆಗ್ತಾವ.”

“ಮತ್ತ ನನ್ನೇನ ಕೇಳ್ತಿ?” ಎಂದು ನಾನು ಶೇಂಗಾದ ಕಡೆ ತಿರುಗಿದೆ.

ತಾವು ಅಂಗಡಿಯ ಪೊಟ್ಟಣದ ಶಾವಿಗೆ ತಿನ್ನುವವರಿರಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಈಗ ಯಂತ್ರಗಳು ಬಂದಿವೆ, ಆದರೆ ನಮ್ಮ ಓಣಿಯಲ್ಲಿ ಇನ್ನೂ ಕೈಶಾವಿಗೆಯೇ. ಬಿಸಿಲು ಏರತೊಡಗಿತೆಂದರೆ ಗೀರು ಕೊರೆದ ಆ ಉದ್ದನೆಯ ಮಣೆ ಮನೆಯಿಂದ ಮನೆಗೆ ಹೊರಡುತ್ತದೆ. ಇವತ್ತು ಯಾರ ಮನೆಯಲ್ಲಿ ಮಣೆಯೋ ಇವತ್ತು ಅವರ ಮನೆಯ ಶಾವಿಗೆ, ಓಣಿಯ ಹೆಂಗಸರೆಲ್ಲ ಅಲ್ಲಿ. ಒಬ್ಬಳು ಹಿಟ್ಟು ಹದ ಮಾಡುತ್ತಾಳೆ, ಒಬ್ಬಳು ಮಣೆಯ ಮೇಲೆ ಹೊಸೆಯುತ್ತಾಳೆ, ಒಬ್ಬಳು ಎಳೆ ಹರಿಯದಂತೆ ಹಿಡಿದು ಎಳೆಯುತ್ತಾಳೆ, ಒಬ್ಬಳು ಕೋಲಿಗೆ ಹಾಕಿ ಒಣಗಿಸುತ್ತಾಳೆ. ಯಾರಿಗೆ ಯಾವುದು ಕೈಹತ್ತಿದೆಯೋ ಪ್ರತಿ ಮನೆಯಲ್ಲೂ ಅವಳಿಗೆ ಅದೇ ಕೆಲಸ. ಕೂಲಿ ಇಲ್ಲ. ಆ ಮನೆಯವರು ಊಟ ಹಾಕಬೇಕು, ಮರುದಿನ ಮಣೆ ಹೋದ ಕಡೆ ತಾವೂ ಹೋಗಬೇಕು. ಹೊಲದ ಕೆಲಸಕ್ಕೆ ಹೀಗೆ ಹೋದರೆ ಮುಯ್ಯಾಳು ಎನ್ನುತ್ತೇವೆ. ಹೀಗಾಗಿ ಓಣಿಯ ಎಲ್ಲರ ಮನೆಯ ಶಾವಿಗೆಯೂ ನೋಡಲು ಒಂದೇ ನಮೂನೆ. ಇದುವರೆಗೆ ಯಾರೂ ಯಾರ ಮೇಲೂ ನಕಲಿನ ಪ್ರಕರಣ ದಾಖಲಿಸಿಲ್ಲ.

ಲ್ಯಾಪ್‌ಟಾಪು ಹಾಗೆಯೇ ಹೊರಟಿತು. ಈ ವಾರ ಶೈಲಾಳ ಮನೆ, ಮುಂದಿನ ವಾರ ಮಹಾನಂದಾಳ ಮನೆ. ಯಾರ ಮನೆಯಲ್ಲಿ ಅದು ಇದೆಯೋ ಆ ಮನೆಯ ಪ್ರೋಗ್ರಾಮು, ನಾಲ್ವರೂ ಅಲ್ಲಿ. ಶೈಲಾಗೆ ಮಾತು ಬರುತ್ತದೆ. ಮನೆಯವರಿಗೆ ಏನು ಬೇಕು ಎಂದು ಕೇಳಿ ತಿಳಿಯುವುದು, ಪ್ರೋಗ್ರಾಮು ಜನರ ಜೊತೆ ಆಡುವ ಮಾತುಗಳನ್ನು ಬರೆಯುವುದು ಅವಳ ಕೆಲಸ. ರುಬಿಯಾಗೆ ಬಣ್ಣ, ಗೆರೆ, ಜಾಗದ ಲೆಕ್ಕ ಹುಟ್ಟಿನಿಂದ ಬಂದದ್ದು. ಪರದೆಯ ಮೇಲೆ ಯಾವುದು ಎಲ್ಲಿ ಕಾಣಬೇಕೆಂದು ಚಿತ್ರ ತೆಗೆಯುವವಳು ಅವಳು. ಸಾಲು ಸಾಲಾಗಿ ಪ್ರೋಗ್ರಾಮು ಬರೆಯುವವಳು ಸಂಪದಾ. ಬರೆದದ್ದನ್ನು ಕೆಡಿಸಿ ತೋರಿಸುವವಳು ಮಹಾನಂದಾ. ಕೆಡಿಸುವುದಕ್ಕೆ ಅವಳ ದೊಡ್ಡ ಉಪಾಯವೆಂದರೆ ಪ್ರೋಗ್ರಾಮು ಹಾಕಿದ ಮೊಬೈಲನ್ನು ಗೌಸಬಿಯ ಕೈಗೆ ಕೊಡುವುದು. ಗೌಸಬಿ ಹೆಬ್ಬೆರಳಿನಿಂದ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತಾಳೆ.

ತಮ್ಮ ಪುಸ್ತಕದ ಎರಡನೆಯ ಘಟಕದಲ್ಲಿ ಬಳಕೆದಾರರ ಅಗತ್ಯಗಳನ್ನು ಅರಿಯುವುದು ಎಂಬ ಪಾಠವಿದೆ. ಅದನ್ನು ಓದುವ ಮೊದಲೇ ಶೈಲಾ ತನ್ನ ತಂದೆಯನ್ನು ಅರಿತಿದ್ದಳು. ಶಂಭುಲಿಂಗಪ್ಪನವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಕೇಳಿದವರಿಗೆಲ್ಲ ‘ನಾಳೆ ನಿಮ್ಮ ಹೊಲಕ್ಕ ಬರತೇನಿ’ ಎಂದು ಮಾತು ಕೊಟ್ಟು, ಮರುದಿನ ಎಲ್ಲರಿಂದಲೂ ಬೈಸಿಕೊಳ್ಳುತ್ತಾರೆ. ಮಗಳ ಪ್ರೋಗ್ರಾಮು ಒಂದು ದಿನಕ್ಕೆ ಒಬ್ಬರ ಹೆಸರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎರಡನೆಯವರ ಹೆಸರು ಹಾಕಿದರೆ ‘ಹಂಗಲ್ರಿ, ಇನ್ನೊಮ್ಮೆ ನೋಡ್ರಿ’ ಎನ್ನುತ್ತದೆ. ಈಗ ಅವರು ಬಂದವರಿಗೆ ಮೊಬೈಲ್ ಹಿಡಿದು, “ನಾ ಒಲ್ಲೆ ಅನ್ನಾಕತ್ತಿಲ್ಲಪಾ, ಇದ ಒಲ್ಲೆ ಅನ್ನಾಕತ್ತೈತಿ” ಎನ್ನುತ್ತಾರೆ. ಈ ವರ್ಷ ಅವರ ಮೇಲೆ ಯಾರೂ ಸಿಟ್ಟಾಗಿಲ್ಲ.

ರೇವವ್ವನಿಗೆ ಬೇಕಾದದ್ದು ಬೇರೆ. “ಮದವಿ ಮನಿಯಾವ್ರು ಹತ್ತ ಸಲ ಫೋನ್ ಮಾಡತಾರವಾ. ಕೈಯೆಲ್ಲಾ ಹಿಟ್ಟಾಗಿರತೈತಿ. ರೊಟ್ಟಿ ಆದ್ವು ಅಂತ ಅದ ತಾನ ಹೇಳಿದ್ರ ನಾ ಗೆದ್ದೆ” ಎಂದಳು. ಹುಡುಗಿಯರು ಹಾಗೆಯೇ ಮಾಡಿಕೊಟ್ಟರು. ಗೌಸಬಿಗಾಗಿ ಜಮಖಾನೆಯ ಹಳೆಯ ವಿನ್ಯಾಸಗಳನ್ನು ಚೌಕ ಚೌಕವಾಗಿ ಪರದೆಗೆ ತಂದು, ಬಣ್ಣ ಬದಲಿಸಿ ನೋಡುವಂತೆ ಮಾಡಿದರು. ನಮ್ಮ ಮನೆಯ ಪಾಲಿಗೆ ಬಂದದ್ದು ನನ್ನ ಗುಳಿಗೆ ನೆನಪಿಸುವ ಪ್ರೋಗ್ರಾಮು. ಮೊದಲನೆಯ ಮುಂಜಾನೆ ಅದು ಗಂಟೆ ಬಾರಿಸಿ, “ನಿಮ್ಮ ರೊಟ್ಟಿ ತಯಾರಾಗ್ಯಾವ್ರಿ, ಬಂದ ಒಯ್ಯಬಹುದು” ಎಂದಿತು. ಮಹಾನಂದಾಳ ಪ್ರೋಗ್ರಾಮಿನ ಗಂಟೆ ಬಾರಿಸುವ ಭಾಗವನ್ನೇ ನನ್ನದಕ್ಕೂ ಹಾಕಿ, ಮಾತು ಬದಲಿಸಲು ಮರೆತಿದ್ದರು. ನಾಲ್ವರೂ ನಕ್ಕು ನಕ್ಕು ನೆಲ ಹಿಡಿದರು, ನಾನು ಗುಳಿಗೆ ನುಂಗುವುದನ್ನೇ ಮರೆತೆ. ಹೀಗೆ ಒಮ್ಮೆ ಮಾಡಿದ್ದನ್ನು ಮತ್ತೊಂದು ಕಡೆ ಬಳಸುವುದು ಒಳ್ಳೆಯ ಇಂಜಿನಿಯರನ ಗುಣ ಎಂದು ತಮ್ಮ ಪುಸ್ತಕದ ಐದನೆಯ ಘಟಕದಲ್ಲಿ ಬರೆದಿದೆ, ತಾವೂ ಒಮ್ಮೆ ನೋಡಬಹುದು.

ತಮ್ಮ ಬಾಹ್ಯ ಪರೀಕ್ಷಕರು ನಾಲ್ಕೂ ಪ್ರೋಗ್ರಾಮುಗಳನ್ನು ತೆರೆದರು. ನಾಲ್ಕರಲ್ಲೂ ತಪ್ಪು ಒತ್ತಿದರೆ ‘ಹಂಗಲ್ರಿ, ಇನ್ನೊಮ್ಮೆ ನೋಡ್ರಿ’ ಎಂಬ ಅದೇ ಮಾತು. ನಾಲ್ಕರ ಚಿತ್ರಗಳೂ ಒಂದೇ ಕೈಯವು. ಅಲ್ಲಿಗೆ ಪರೀಕ್ಷಾ ಅಕ್ರಮದ ಪ್ರಕರಣ ತಯಾರಾಯಿತು. ನಮ್ಮ ಭಾಗದಲ್ಲಿ ತಪ್ಪು ಮಾಡಿದವರಿಗೂ ‘ರಿ’ ಹಚ್ಚಿಯೇ ಹೇಳುವುದು ರೂಢಿ, ಮಾನ್ಯರೇ. ಈ ಪತ್ರದ ಉದ್ದಕ್ಕೂ ನಾನು ತಮಗೆ ಮಾಡುತ್ತಿರುವುದೂ ಅದನ್ನೇ.

ಯುಗಾದಿಗೆ ಮೊದಲು ವಿಚಾರಣೆಗೆ ಕರೆ ಬಂತು. ಹುಡುಗಿಯರ ಜೊತೆ ಹಿರಿಯಳೆಂದು ನಾನು ಹೋದೆ. ಒಳಗೆ ಕರೆಯುವ ಮೊದಲು ಸಮಿತಿಯ ಒಬ್ಬ ಸದಸ್ಯರು ಬಹಳ ಉದಾರವಾಗಿ ಒಂದು ದಾರಿ ತೋರಿಸಿದರು. ನಾಲ್ವರಲ್ಲಿ ನಿಜವಾಗಿ ಮಾಡಿದವಳು ಯಾರು ಎಂದು ಹೇಳಿಬಿಟ್ಟರೆ ಅವಳು ಪಾಸು. ಉಳಿದ ಮೂವರು ನಪಾಸು, ಒಂದು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ.

ಇಲ್ಲಿ ತಾವು ಒಂದು ಸಂಗತಿ ತಿಳಿಯಬೇಕು. ರುಬಿಯಾ ಬಟ್ಟೆಯ ವಿನ್ಯಾಸ ಕಲಿಸುವ ಒಂದು ದೊಡ್ಡ ಸಂಸ್ಥೆಗೆ ಆಯ್ಕೆಯಾಗಿದ್ದಾಳೆ. ಗೌಸಬಿಗಾಗಿ ತೆಗೆದ ಆ ಜಮಖಾನೆಯ ಚಿತ್ರಗಳನ್ನು ನೋಡಿಯೇ ಅವರು ಅವಳನ್ನು ಆರಿಸಿಕೊಂಡದ್ದು. ಜುಲೈ ಮುಗಿಯುವುದರೊಳಗೆ ಪದವಿ ಪಾಸಾದ ಅಂಕಪಟ್ಟಿ ತೋರಿಸಬೇಕು. ತೋರಿಸದಿದ್ದರೆ ಆ ಜಾಗ ಇನ್ನೊಬ್ಬರದು. ಈ ವಿಷಯ ನಾಲ್ವರಿಗೂ ಗೊತ್ತಿತ್ತು, ತಮ್ಮ ಸಮಿತಿಗೆ ಗೊತ್ತಿರಲಿಲ್ಲ. ಸಮಿತಿ ಕೇಳಲೂ ಇಲ್ಲ.

ಒಬ್ಬೊಬ್ಬರನ್ನೇ ಒಳಗೆ ಕರೆದರು. ತಮ್ಮ ಕಚೇರಿಯ ಆ ಬಾಗಿಲು ಉಬ್ಬಿಕೊಂಡಿದೆ, ಪೂರ್ತಿ ಮುಚ್ಚುವುದಿಲ್ಲ. ಹೊರಗೆ ಬಾಕಿನ ಮೇಲೆ ಕೂತ ನನಗೆ ಪ್ರತಿ ಮಾತೂ ಕೇಳುತ್ತಿತ್ತು. ಮೊದಲು ಶೈಲಾ ಹೋದಳು. “ಎಲ್ಲಾ ರುಬಿಯಾನ ಮಾಡ್ಯಾಳ್ರಿ. ನಾವು ಅಕಿದು ನೋಡಿ ಬರಕೊಂಡೀವ್ರಿ” ಎಂದಳು. ನನಗೆ ಕಿವಿ ಕೆಟ್ಟಿತೇ ಎನಿಸಿತು. ಮಹಾನಂದಾ ಹೋಗಿ ಇನ್ನೂ ಒಂದು ಕೈ ಮುಂದೆ ಹೋದಳು. “ನನಗ ಕಂಪ್ಯೂಟರ್ ಚಾಲೂ ಮಾಡಾಕೂ ಸರಿಯಾಗಿ ಬರಂಗಿಲ್ರಿ. ಎಲ್ಲಾ ರುಬಿಯಾಂದ.” ಮೂರನೆಯವಳು ನನ್ನ ಮೊಮ್ಮಗಳು. ಪ್ರತಿ ಸಾಲನ್ನೂ ತನ್ನ ಬೆರಳಿನಿಂದ ಬರೆದವಳು. “ನಂದೇನೂ ಇಲ್ಲರೀ. ರುಬಿಯಾ ಬರದಾಳ, ನಾ ನೋಡಿ ಬರಕೊಂಡೇನಿ” ಎಂದು ಹೇಳಿ, ನನ್ನ ಮುಖ ನೋಡದೆ ಹೊರಗೆ ಬಂದಳು. ಸದಸ್ಯರು ಆ ದಾರಿ ತೋರಿಸಿದ ಮೇಲೆ ಮೂವರೂ ನೀರು ಕುಡಿಯುವ ನೆಪದಲ್ಲಿ ಆಚೆ ಹೋಗಿ ಇದನ್ನು ತೀರ್ಮಾನ ಮಾಡಿಕೊಂಡಿದ್ದರಂತೆ. ನನ್ನ ಪಕ್ಕದಲ್ಲಿ ಕೂತಿದ್ದ ರುಬಿಯಾಗೆ ಒಂದು ಮಾತೂ ಹೇಳಿರಲಿಲ್ಲ.

ಕೊನೆಗೆ ರುಬಿಯಾ ಹೋದಳು. ಸಮಿತಿಯವರು ಸಮಾಧಾನದಿಂದಲೇ, “ಮೂವರೂ ನಿನ್ನ ಹೆಸರು ಹೇಳಿದ್ದಾರೆ. ನೀನೂ ಹೌದು ಅಂದರೆ ಮುಗಿಯಿತು” ಎಂದರು.

“ಇಲ್ರಿ” ಎಂದಳು ರುಬಿಯಾ. “ನಾ ಒಂದ ಸಾಲೂ ಬರದಿಲ್ರಿ. ನಾ ಚಿತ್ರಾ ಅಷ್ಟ ತಗದೀನ್ರಿ. ಮಂದೀನ ಕೇಳಿ ತಿಳಕೊಂಡಾಕಿ ಶೈಲಾ, ಬರದಾಕಿ ಸಂಪದಾ, ತಪ್ಪ ಹುಡುಕಿದಾಕಿ ಮಹಾನಂದಾ. ನಾಕೂ ಪ್ರೋಗ್ರಾಮು ನಾವ ನಾಕೂ ಮಂದಿ ಮಾಡಿದ್ವಿರಿ.”

“ನಿನಗೆ ಪಾಸಾಗುವುದು ಬೇಡವೇನು?”

“ಬೇಕ್ರಿ. ಹಿಂಗ ಬ್ಯಾಡ್ರಿ.”

ಮಾನ್ಯರೇ, ನಾನು ಸುಲಭಕ್ಕೆ ಅಳುವವಳಲ್ಲ. ಆ ಬಾಕಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡೆ. ಜೀವಮಾನವೆಲ್ಲ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಪಾಸಾಗಲು ಸುಳ್ಳು ಹೇಳುವುದನ್ನು ಕೇಳಿದ್ದೆ. ಗೆಳತಿ ಪಾಸಾಗಲೆಂದು ತಾವು ಕಳ್ಳಿಯರೆಂದು ಹೇಳಿಕೊಳ್ಳುವುದನ್ನು ಮೊದಲ ಸಲ ಕೇಳಿದೆ. ಅವರ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಬರುವಾಗ ಬಸ್ಸಿನಲ್ಲಿ ರುಬಿಯಾ ಮೂವರ ಮೇಲೂ ಹರಿಹಾಯ್ದಳು. “ನನ್ನ ಕೇಳದ ನನ್ನ ಹೆಸರ ಯಾಕ ಹೇಳಿದ್ರಿ ಲೇ?”

“ನೀ ಒಬ್ಬಾಕಿನಾದ್ರೂ ಪಾರಾಗ್ತಿದ್ದಿ” ಎಂದಳು ಶೈಲಾ.

“ನಿಮ್ಮನ್ನ ಮನ್ಯಾಗ ಕುಂಡ್ರಿಸಿ ನಾ ಅಲ್ಲಿ ಹೋಗಿ ಏನ ಕಲೀಲಿ?” ಎಂದು ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಇದರಿಂದ ತಮ್ಮ ಸಮಿತಿಗೆ ಏನು ತಿಳಿಯಿತು? ಆದೇಶದಲ್ಲಿ ಬರೆದಿದ್ದೀರಿ: ‘ಮೂವರು ವಿದ್ಯಾರ್ಥಿನಿಯರು ನಕಲು ಮಾಡಿರುವುದಾಗಿ ಒಪ್ಪಿಕೊಂಡಿದ್ದು, ನಾಲ್ಕನೆಯವರು ತಾವು ಪ್ರೋಗ್ರಾಮು ಬರೆದಿಲ್ಲವೆಂದು ಹೇಳಿಕೆ ನೀಡಿರುವುದರಿಂದ, ನಾಲ್ವರನ್ನೂ ಅನುತ್ತೀರ್ಣರೆಂದು ಘೋಷಿಸಿ ಒಂದು ವರ್ಷ ಪರೀಕ್ಷೆಗಳಿಂದ ಹೊರಗಿಡಲಾಗಿದೆ.’ ಗಣಿತ ಕಲಿಸಿದವಳಾಗಿ ಇದರ ತರ್ಕವನ್ನು ಮೆಚ್ಚದೆ ಇರಲಾರೆ. ಮೂವರು ನೋಡಿ ಬರೆದರು, ನಾಲ್ಕನೆಯವಳು ಬರೆಯಲೇ ಇಲ್ಲ. ಹಾಗಾದರೆ ನಮ್ಮೂರಿನಲ್ಲಿ ಟ್ರ್ಯಾಕ್ಟರಿನ ಪಾಳಿ ಹಚ್ಚುತ್ತಿರುವುದು, ರೊಟ್ಟಿ ತಯಾರೆಂದು ಹೇಳುತ್ತಿರುವುದು, ನನ್ನನ್ನು ಗುಳಿಗೆಗೆ ಎಬ್ಬಿಸುತ್ತಿರುವುದು ಯಾರು ಮಾಡಿದ ಪ್ರೋಗ್ರಾಮು? ಯಾರೂ ಮಾಡದೆ ತಾನೇ ಹುಟ್ಟಿತೇ? ಹಾಗಿದ್ದರೆ ಅದು ಪರೀಕ್ಷಾ ವಿಭಾಗದ ಕೆಲಸವಲ್ಲ, ಮಠದವರನ್ನು ಕರೆಸಿ ತೋರಿಸಬೇಕಾದದ್ದು.

ಇನ್ನೊಂದು ಮಾತು. ಆ ಆದೇಶದ ಕೆಳಗೆ ಸಮಿತಿಯ ಸದಸ್ಯರೆಲ್ಲರ ಸಹಿ ಇದೆ, ಕೊನೆಗೆ ತಮ್ಮದೂ ಇದೆ. ಆದರೆ ಇಡೀ ಆದೇಶದ ಭಾಷೆ ಒಂದೇ ಕೈಯದು. ಇದನ್ನು ನಿಜವಾಗಿ ಬರೆದವರು ಯಾರು? ಒಬ್ಬರು ಬರೆದು ಉಳಿದವರು ಸಹಿ ಮಾಡಿದ್ದರೆ, ಆ ಒಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಒಂದು ವರ್ಷ ಮನೆಯಲ್ಲಿ ಕೂರಿಸಬೇಕಲ್ಲವೇ? ಸಿಟ್ಟಾಗಬೇಡಿ. ಎಲ್ಲರೂ ಕೂತು ಚರ್ಚಿಸಿ, ಒಬ್ಬರು ಬರೆದು, ಒಬ್ಬರು ತಿದ್ದಿ, ಒಬ್ಬರು ಬೆರಳಚ್ಚು ಮಾಡಿಸಿರುತ್ತೀರಿ ಎಂದು ನನಗೆ ಗೊತ್ತಿದೆ. ಕೆಲಸ ಆಗುವುದೇ ಹಾಗೆ. ತಮ್ಮ ಪುಸ್ತಕದ ಮೂರನೆಯ ಘಟಕವೂ ಅದನ್ನೇ ಹೇಳುತ್ತದೆ: ಒಬ್ಬರು ಕೇಳಿ ತಿಳಿಯುವವರು, ಒಬ್ಬರು ವಿನ್ಯಾಸ ಮಾಡುವವರು, ಒಬ್ಬರು ಬರೆಯುವವರು, ಒಬ್ಬರು ಪರೀಕ್ಷಿಸುವವರು. ಹೆಸರ ಜಾಗದಲ್ಲಿ ಶೈಲಾ, ರುಬಿಯಾ, ಸಂಪದಾ, ಮಹಾನಂದಾ ಎಂದು ಬರೆದುಕೊಂಡು ಓದಿ. ಪಾಠ ಓದಿ ಪರೀಕ್ಷೆ ಬರೆದವರು ಬಹಳ ಇದ್ದಾರೆ. ಪಾಠದಂತೆ ನಡೆದವರು ಈ ನಾಲ್ವರೇ ಇರಬೇಕು, ಅವರನ್ನೇ ಹುಡುಕಿ ನಪಾಸು ಮಾಡಿದಿರಿ.

‘ಸ್ವತಂತ್ರವಾಗಿ’ ಎಂಬ ದಪ್ಪ ಅಕ್ಷರದ ನಿಯಮವನ್ನು ಅವರು ಮೀರಿದ್ದಾರೆ, ಇಲ್ಲ ಎನ್ನುವುದಿಲ್ಲ. ಅದಕ್ಕೆ ಅಂಕ ಕಡಿಮೆ ಮಾಡಿ, ಒಪ್ಪುತ್ತೇನೆ. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡುವ ವಿಚಾರವಿದ್ದಿದ್ದರೆ ನಾಲ್ಕು ಕಡೆ ನಾಲ್ಕು ಬೇರೆ ಮಾತು ಬರೆಯಲು ಶೈಲಾಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ಅದು ತಪ್ಪು ಎಂದು ಅವರಿಗೆ ಹೊಳೆಯಲೇ ಇಲ್ಲ. ನಮ್ಮ ಓಣಿಯಲ್ಲಿ ಬೆಳೆದವರಿಗೆ ಅದು ಹೊಳೆಯುವುದೂ ಇಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ನಾಲ್ವರನ್ನೂ ಮತ್ತೆ ಕರೆಸಿ ಅಥವಾ ತಾವೇ ಇಲ್ಲಿಗೆ ಬನ್ನಿ. ಒಬ್ಬೊಬ್ಬಳಿಗೂ ಅವಳವಳ ಕೆಲಸ ತೋರಿಸಿ, ಇದನ್ನು ಹೀಗೇಕೆ ಮಾಡಿದೆ ಎಂದು ಕೇಳಿ. ಹೇಳಲು ಬಾರದವಳನ್ನು ನಪಾಸು ಮಾಡಿ, ನಾನು ಬಾಯಿ ತೆಗೆಯುವುದಿಲ್ಲ, ಅವಳು ನನ್ನ ಮೊಮ್ಮಗಳೇ ಆಗಿರಲಿ. ನಾಲ್ಕೂ ಪ್ರೋಗ್ರಾಮುಗಳ ಮೇಲೆ ನಾಲ್ವರ ಹೆಸರನ್ನೂ ಹಾಕಿಸಿ. ಇದೆಲ್ಲ ಆರನೆಯ ಸೆಮಿಸ್ಟರಿನ ಪರೀಕ್ಷೆಗೆ ಮೊದಲೇ ಆಗಬೇಕು, ಏಕೆಂದರೆ ಜುಲೈ ರುಬಿಯಾಗಾಗಿ ಕಾಯುವುದಿಲ್ಲ.

ಈ ಸಲ ಯುಗಾದಿಯ ಬೆನ್ನಿಗೇ ರಂಜಾನ್ ಬಂದದ್ದರಿಂದ ಶಾವಿಗೆ ಮಣೆ ಮೊದಲು ರುಬಿಯಾಳ ಮನೆಗೆ ಹೋಗಿ, ಓಣಿಯೆಲ್ಲ ಸುತ್ತಿ, ಕೊನೆಗೆ ಮೊನ್ನೆ ನಮ್ಮ ಮನೆಗೆ ಬಂತು. ಪ್ರತಿ ವರ್ಷ ನಾವು ಮುದುಕಿಯರೇ ಕೂತು ಹೊಸೆಯುತ್ತಿದ್ದೆವು, ಹುಡುಗಿಯರು ಕಾಲೇಜಿಗೆ ಹೋಗಿರುತ್ತಿದ್ದರು. ತಮ್ಮ ಕೃಪೆಯಿಂದ ಈ ವರ್ಷ ಅವರು ಮನೆಯಲ್ಲೇ ಇದ್ದಾರೆ. ಹಿಟ್ಟು ಹದ ಮಾಡಿದವಳು ಶೈಲಾ, ಹೊಸೆದವಳು ಸಂಪದಾ, ಎಳೆ ಹಿಡಿದವಳು ರುಬಿಯಾ, ಒಣಹಾಕಿ ಮುರಿದದ್ದನ್ನು ಆರಿಸಿ ತೆಗೆದವಳು ಮಹಾನಂದಾ. ಮೊದಲಿನಂತೆ ಮಾತಿಲ್ಲ, ನಗುವಿಲ್ಲ. ರುಬಿಯಾ ಮಾತ್ರ ಒಮ್ಮೆ, “ಅಜ್ಜಿ, ಎಳಿ ಛಲೋ ಬಂದಾವ ನೋಡ್ರಿ” ಎಂದಳು.

ಆ ಶಾವಿಗೆಯ ಒಂದು ಪೊಟ್ಟಣವನ್ನು ಇದೇ ಅಂಚೆಯಲ್ಲಿ ತಮ್ಮ ಕಚೇರಿಗೆ ಕಳಿಸಿದ್ದೇನೆ. ಸಮಿತಿಯನ್ನು ಕರೆಸಿ ಮೇಜಿನ ಮೇಲೆ ಹರಡಿಕೊಳ್ಳಿ. ಯಾವ ಎಳೆ ಯಾರದು ಎಂದು ಬೇರ್ಪಡಿಸಿ ತೋರಿಸಿದರೆ, ತಮ್ಮ ಆದೇಶ ಸರಿಯೆಂದು ಬರೆದುಕೊಟ್ಟು ನಾನೇ ಬಂದು ಕ್ಷಮೆ ಕೇಳುತ್ತೇನೆ. ಆಗದಿದ್ದರೆ ಹಾಲು ಬೆಲ್ಲ ಹಾಕಿ ಪಾಯಸ ಮಾಡಿಸಿ ಎಲ್ಲರೂ ಕೂಡಿ ಉಣ್ಣಿ. ಉಂಡು ಕೈತೊಳೆದ ಮೇಲೆ ನಾಲ್ಕು ಅಂಕಪಟ್ಟಿಗಳಿಗೆ ಸಹಿ ಹಾಕಿ.

ಇಂತಿ,
ಶಾವಿಗೆ ಮಣೆಯ ಉಪಾಯ ಹೇಳಿಕೊಟ್ಟೂ ತಮ್ಮ ಆದೇಶದಲ್ಲಿ ಹೆಸರು ಬಿಟ್ಟುಹೋದ ಐದನೆಯ ಆರೋಪಿ,
ಮುಕ್ತಾಬಾಯಿ ನಾಡಗೀರ
ನಿವೃತ್ತ ಗಣಿತ ಶಿಕ್ಷಕಿ, ನವಲಗುಂದ